ಇಳಿಯುತ್ತಿದ್ದ ಅಂಕಗಳ ಬೇಸಿಗೆ

ಟಕ್... ಟಕ್... ಟಕ್!

ಕಾರಿನ ಗಾಜು ಬಡಿದ ಸದ್ದಿಗೆ ನೆರೈದಾ ಬೆಚ್ಚಿ ತಲೆಯೆತ್ತಿದಳು. ಕಣ್ಣು ತುಂಬಿದ್ದರಿಂದ ಹೊರಗೆ ನಿಂತವನ ಮುಖ ಸರಿಯಾಗಿ ಕಾಣಲಿಲ್ಲ.

"ಮೇಡಂ, ಅಳು ಮುಗಿದ್ಮೇಲೆ ಕಾರು ಸ್ವಲ್ಪ ಹಿಂದಕ್ಕೆ ತಗೋತೀರಾ? ನಮ್ಮಜ್ಜಿ ವೀಲ್‌ಚೇರು ಹತ್ತಿಸ್ಬೇಕು. ದಾರಿಗೇ ಅಡ್ಡ ನಿಲ್ಲಿಸಿದ್ದೀರ."

ಎಂಥ ಮನುಷ್ಯ ಇವನು!

"ನಾನು ಅಳ್ತಿಲ್ಲ!"

"ಸರಿ... ಅಳದೇ ಇರೋದು ಮುಗಿದ್ಮೇಲೆ ತಗೊಳ್ಳಿ."

ಅವನ ವ್ಯಾನಿನೊಳಗಿಂದ ಮುದುಕಿಯೊಬ್ಬಳು ಗೊಳ್ಳೆಂದು ನಕ್ಕಳು. ನೆರೈದಾಳಿಗೆ ಮೈಯೆಲ್ಲ ಉರಿದುಹೋಯಿತು.

ಅವನಿಗೇನು ಗೊತ್ತು? ಜುಲೈಯಲ್ಲಿದ್ದ ಮೆಡಿಕಲ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ಅವಳು ಚಳಿಗಾಲದಿಂದ ಓದುತ್ತಿದ್ದಳು. ಅದರಲ್ಲಿ ಅಂಕ ಶುರುವಾಗುವುದೇ ನಾನೂರ ಎಪ್ಪತ್ತೆರಡರಿಂದ, ಮುಗಿಯುವುದು ಐನೂರ ಇಪ್ಪತ್ತೆಂಟಕ್ಕೆ; ಒಂದೊಂದು ಅಂಕವೂ ದೊಡ್ಡದು. ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ಐನೂರ ಎಂಟು ಬಂದಾಗ ಕುಣಿದಾಡಿದ್ದಳು. ಆಮೇಲೆ ಐನೂರ ಐದು. ಹಿಂದಿನ ದಿನ ಬರೆದದ್ದರ ಅಂಕ ನೋಡುವ ಧೈರ್ಯವಾಗದೆ, ಈಗಷ್ಟೇ ಫೋನಿನಲ್ಲಿ ನೋಡಿದ್ದಳು.

ಐನೂರ ಒಂದು.

ಓದಿದಷ್ಟೂ ಇಳೀತಿದೆಯಲ್ಲ... ನನ್ನ ತಲೆಗೆ ಏನಾಗಿದೆ?

ಟೆಕ್ಸಸ್‌ನ ದಕ್ಷಿಣದ ತುದಿಯ ಸ್ಯಾನ್ ಬೆನಿಟೋದಲ್ಲಿ, ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದೇ ಕಷ್ಟ. ಅಲ್ಲಿನ ಡಯಾಲಿಸಿಸ್ ಕೇಂದ್ರದಲ್ಲಿ ನೆರೈದಾ ಕಾಂತು ರೋಗಿಗಳಿಗೆ ಸೂಜಿ ಹಾಕಿ, ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಮುಖ ತೊಳೆದು ಒಳಗೆ ಹೋದರೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಅದೇ ಮುದುಕಿ!

"ಬಾ ಮಗಳೇ. ನಾನು ಎರ್ಲಿಂಡಾ. ಹೊರಗೆ ನಿನ್ನ ಕಾಡಿದ್ದು ನನ್ನ ಮೊಮ್ಮಗ ಅಬಿಯೆಲ್ ಲೊಂಗೋರಿಯಾ. ಇಪ್ಪತ್ತೊಂಬತ್ತು ವರ್ಷ, ಹೈಸ್ಕೂಲಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಮದುವೆ ಆಗಿಲ್ಲ."

"ನಾನು ಕೇಳ್ಲಿಲ್ಲ ಅಜ್ಜಿ."

"ಕೇಳೋಕೆ ಮುಂಚೇನೇ ಹೇಳ್ದೆ. ವಯಸ್ಸಾಯ್ತಲ್ಲ, ಕಾಯೋಕಾಗಲ್ಲ."

ನೆರೈದಾ ಸೂಜಿ ಹಾಕುವಾಗ ಅಜ್ಜಿ ಮಿಸುಕಲೂ ಇಲ್ಲ. "ನೋವೇ ಆಗ್ಲಿಲ್ವಲ್ಲೇ! ಇಂಥ ಕೈ ಇಟ್ಕೊಂಡು ಯಾಕೆ ಅಳ್ತೀಯ?"

ಯಾರೂ ಹಾಗೆ ಕೇಳಿರಲಿಲ್ಲ. ನೆರೈದಾ ಎಲ್ಲವನ್ನೂ ಹೇಳಿಬಿಟ್ಟಳು. ಸಂಜೆ ಕರೆದೊಯ್ಯಲು ಬಂದ ಅಬಿಯೆಲ್‌ಗೆ ಅಜ್ಜಿ ಅದನ್ನೆಲ್ಲ ವರದಿ ಒಪ್ಪಿಸಿದಳು.

ಅವನು ತಲೆ ಕೆರೆದುಕೊಂಡ. "ಹೊರಗೆ ಹಾಗೆ ಮಾತಾಡ್ಬಾರ್ದಿತ್ತು. ಯಾರಾದ್ರೂ ಅಳ್ತಿದ್ರೆ ನಂಗೆ ಏನ್ ಮಾಡ್ಬೇಕೋ ಗೊತ್ತಾಗಲ್ಲ, ಬಾಯಿಗೆ ಬಂದಿದ್ದು ಅಂದ್ಬಿಡ್ತೀನಿ. ಅದಕ್ಕೆ ಬದಲಾಗಿ... ರಸಾಯನಶಾಸ್ತ್ರ ಹೇಳ್ಕೊಡ್ಲಾ?"

ಹೀಗೆ ಶುರುವಾಯಿತು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅಜ್ಜಿಯ ಮನೆಯ ಜಗಲಿ, ಮೆಸ್ಕೀಟ್ ಮರದ ನೆರಳು, ಬೇಕರಿಯಿಂದ ತಂದ ಸಿಹಿ ಬ್ರೆಡ್ಡು, ಕಾಗದದ ಮೇಲೆ ಲೆಕ್ಕಗಳು. 'ನೀವು' ಹೋಗಿ 'ನೀನು' ಆಗಿದ್ದು ಯಾವಾಗ ಎಂದು ಇಬ್ಬರಿಗೂ ನೆನಪಿಲ್ಲ. ಅವನು ಬಾಗಿ ಅವಳ ಹಾಳೆ ನೋಡಿದಾಗ ಅವಳಿಗೆ ಓದುತ್ತಿದ್ದ ಸಾಲೇ ಮರೆತುಹೋಗುತ್ತಿತ್ತು.

ಆದರೆ ಅಂಕ ಮಾತ್ರ ಏಳಲಿಲ್ಲ. ಮುಂದಿನ ಅಭ್ಯಾಸ ಪರೀಕ್ಷೆಯಲ್ಲಿ ನಾನೂರ ತೊಂಬತ್ತೊಂಬತ್ತು!

ಆ ದಿನ ಅಬಿಯೆಲ್ ಬಹಳ ಹೊತ್ತು ಅವಳು ಲೆಕ್ಕ ಮಾಡುವುದನ್ನೇ ನೋಡಿದ.

"ಇದು ಸರಿಯಾಗೇ ಬರೆದಿದ್ದೆ. ಯಾಕೆ ಅಳಿಸಿದೆ?"

"ಅಷ್ಟು ಸುಲಭವಾಗಿ ಬಂತು ಅಂದ್ರೆ ತಪ್ಪೇ ಇರ್ಬೇಕು ಅನ್ನಿಸ್ತು."

"ಇದು? ಇದನ್ನೂ ಅಳಿಸಿದ್ದೀಯ." ಅವನು ಪೆನ್ಸಿಲ್ ಕೆಳಗಿಟ್ಟ. "ನೆರೈದಾ, ಜುಲೈ ಪರೀಕ್ಷೆ ಬೇಡ. ಸೆಪ್ಟೆಂಬರಿಗೆ ಹಾಕಿಸ್ಕೋ. ಸ್ವಲ್ಪ ದಿನ ಪುಸ್ತಕಾನೇ ಮುಟ್ಬೇಡ."

ಅವಳಿಗೆ ಕೇಳಿಸಿದ್ದು ಬೇರೆಯೇ. ನಿನ್ನ ಕೈಲಿ ಆಗಲ್ಲ.

"ನಿಂಗೂ ನನ್ನ ಮೇಲೆ ನಂಬಿಕೆ ಇಲ್ಲ ಅಲ್ವಾ?"

"ನಾನು ಹೇಳ್ತಿರೋದು ಅದಲ್ಲ—"

"ಬಿಡು! ಇಂಥ ಪರೀಕ್ಷೆ ಬರೆಯೋದು ಅಂದ್ರೆ ಏನು ಅಂತ ಹೈಸ್ಕೂಲ್ ಮೇಷ್ಟ್ರಿಗೆ ಏನ್ ಗೊತ್ತು?"

ಅವನ ಮುಖ ಬಿಳಿಚಿಕೊಂಡಿತು. ಅವಳು ಪುಸ್ತಕ ಬಾಚಿಕೊಂಡು ಹೊರಟೇಬಿಟ್ಟಳು.

ಆಮೇಲೆ ಅವನು ಅಜ್ಜಿಯನ್ನು ಕೇಂದ್ರದ ಬಾಗಿಲಲ್ಲೇ ಬಿಟ್ಟು ಹೋಗತೊಡಗಿದ. ನೆರೈದಾ ಹಟಕ್ಕೆ ಬಿದ್ದು ಮತ್ತೊಂದು ಅಭ್ಯಾಸ ಪರೀಕ್ಷೆ ಬರೆದಳು. ಇನ್ನೂ ಕಡಿಮೆ! ಈ ಸಲ ಅಳುವೂ ಬರಲಿಲ್ಲ. ಅದೇ ಅವಳನ್ನು ಹೆದರಿಸಿತು.

ಅಜ್ಜಿಯ ಕಾಲಿಗೆ ಕಂಬಳಿ ಹೊದಿಸುತ್ತಿದ್ದಾಗ ಅಜ್ಜಿಯೇ ಮಾತು ತೆಗೆದಳು. "ಅವನೂ ಡಾಕ್ಟರ್ ಪರೀಕ್ಷೆ ಬರೆದಿದ್ದ, ಗೊತ್ತಾ?"

ನೆರೈದಾಳ ಕೈ ನಿಂತಿತು. "ಅಬಿಯೆಲ್?"

"ನನ್ನ ಮಗನಿಗೆ ಇವನು ಡಾಕ್ಟರಾಗ್ಬೇಕು ಅಂತ ಆಸೆ. ಇವನು ಊಟ ಬಿಟ್ಟ, ನಿದ್ದೆ ಬಿಟ್ಟ. ಅಂಕ ಇಳಿದಷ್ಟೂ ಇನ್ನೂ ಓದ್ದ. ಕೊನೆಗೆ ಪರೀಕ್ಷೆ ಅರ್ಧಕ್ಕೇ ಎದ್ದು ಬಂದ್ಬಿಟ್ಟ. ಕೈ ನಡುಗ್ತಿತ್ತಂತೆ, ಅಕ್ಷರಾನೇ ಕಾಣ್ತಿರ್ಲಿಲ್ವಂತೆ. ಆಮೇಲೆ ಅದರ ಮಾತೇ ಎತ್ತಿಲ್ಲ. ನಿನಗೋಸ್ಕರಾನೇ ಮತ್ತೆ ಆ ಪುಸ್ತಕ ತೆಗೆದಿದ್ದು."

ಅಯ್ಯೋ... ನಾನು ಎಂಥ ಮಾತಾಡ್ಬಿಟ್ಟೆ!

ಪಾಳಿ ಮುಗಿದ ಕೂಡಲೇ ಅವಳು ಅವನ ಶಾಲೆಗೆ ಹೋದಳು. ರಜೆಯ ಶಾಲೆ ಖಾಲಿ. ಪ್ರಯೋಗಶಾಲೆಯಲ್ಲಿ ಅವನೊಬ್ಬನೇ ಗಾಜಿನ ಲೋಟಗಳನ್ನು ಒರೆಸಿ ಜೋಡಿಸುತ್ತಿದ್ದ.

"ಅಜ್ಜಿ ಹೇಳಿದ್ಲು," ಎಂದಳು.

"ಅವಳ ಹೊಟ್ಟೇಲಿ ಏನೂ ನಿಲ್ಲಲ್ಲ."

"ನೀನ್ಯಾಕೆ ಹೇಳ್ಲಿಲ್ಲ?"

ಅವನು ಲೋಟ ಕೆಳಗಿಟ್ಟ. "ಎದ್ದು ಓಡಿ ಬಂದೋನ ಮಾತು ನೀನ್ಯಾಕೆ ಕೇಳ್ತೀಯ ಅಂತ ಭಯ ಆಯ್ತು. ನಂಗೆ ಮೇಷ್ಟ್ರ ಕೆಲಸ ಇಷ್ಟ, ಅದರ ಬಗ್ಗೆ ಬೇಜಾರಿಲ್ಲ. ಡಾಕ್ಟರಾಗೋದು ಅಪ್ಪನ ಆಸೆ ಆಗಿತ್ತು. ಆದ್ರೆ ನೀನು ಹಾಗಲ್ಲ. ನೀನು ಅಜ್ಜಿ ಕೈ ಹಿಡಿಯೋದನ್ನ ನೋಡಿದ್ದೀನಿ. ನಿಂಗಿದು ನಿಜವಾಗ್ಲೂ ಬೇಕು. ಅದಕ್ಕೇ... ನೀನು ಸುಟ್ಟುಹೋಗೋದನ್ನ ನೋಡೋಕಾಗ್ಲಿಲ್ಲ."

ಅವಳು ಅವನ ಎದುರಿನ ಬೆಂಚಿನ ಮೇಲೆ ಕೂತಳು.

"ನನ್ನ ಸಾಕಿದ್ದು ಚಿಕ್ಕಮ್ಮ ಸೊಲೆದಾದ್. ಚರ್ಚಿನಲ್ಲಿ ಎಲ್ಲರ ಮುಂದೆ ನನ್ನ ಈಗ್ಲೇ ಡಾಕ್ಟರ್ ಅಂತ ಕರೀತಾಳೆ. ಒಂದು ಉತ್ತರ ಬರೆದ ಕೂಡ್ಲೇ ಆ ಮುಖಗಳೆಲ್ಲ ಕಾಣ್ತವೆ ಅಬಿಯೆಲ್. ತಪ್ಪಾದ್ರೆ ಏನ್ ಗತಿ ಅಂತ ಅಳಿಸ್ತೀನಿ."

"ಇದನ್ನ ಚಿಕ್ಕಮ್ಮನಿಗೆ ಹೇಳಿದ್ದೀಯಾ?"

ಇಲ್ಲ ಎಂದು ತಲೆಯಾಡಿಸಿದಳು. "ಅವತ್ತು ನಾನಂದ ಮಾತು... ಕ್ಷಮಿಸ್ತೀಯಾ?"

"ನೋವಾಯ್ತು," ಎಂದ ಅವನು ಮೆಲ್ಲಗೆ. "ಈಗ ನೀನು ಬಂದ್ಯಲ್ಲ."

ಅಂದೇ ಅವಳು ಚಿಕ್ಕಮ್ಮನ ಮುಂದೆ ಕೂತಳು. ಸೊಲೆದಾದ್ ರೊಟ್ಟಿ ಲಟ್ಟಿಸುತ್ತಿದ್ದ ಕೈ ನಿಲ್ಲಿಸದೆ ಕೇಳಿದಳು. ಕೊನೆಗೆ ಕಣ್ಣೊರೆಸಿಕೊಂಡು, "ನಿಂಗೆ ಧೈರ್ಯ ಬರ್ಲಿ ಅಂತ ಕರೀತಿದ್ದೆ ಕಣೇ. ಭಾರ ಆಗುತ್ತೆ ಅಂತ ಹೊಳೀಲೇ ಇಲ್ಲ. ಬಾ, ಮೊದಲು ಊಟ ಮಾಡು," ಎಂದಳು.

ಪರೀಕ್ಷೆ ಸೆಪ್ಟೆಂಬರಿಗೆ ಹೋಯಿತು. ನೆರೈದಾ ನಿದ್ದೆ ಮಾಡಿದಳು. ಚಿಕ್ಕಮ್ಮನ ಜೊತೆ ಸಮುದ್ರಕ್ಕೆ ಹೋಗಿ ಮರಳಲ್ಲಿ ಸುಮ್ಮನೆ ಬಿದ್ದುಕೊಂಡಳು. ಮತ್ತೆ ಪುಸ್ತಕ ತೆಗೆದಾಗ, ಕಾರಣ ಹೇಳಲಾಗದಿದ್ದರೆ ಉತ್ತರ ಬದಲಿಸುವುದಿಲ್ಲ ಎಂದು ತನಗೆ ತಾನೇ ಮಾತು ಕೊಟ್ಟಳು. ಎಷ್ಟೋ ಸಲ ಕೈ ತಡೆಯುವುದೇ ಕಷ್ಟವಾಯಿತು. ಆದರೂ ಅಂಕ ನಿಧಾನವಾಗಿ, ಒಂದೊಂದಾಗಿ ಮೇಲೆದ್ದಿತು.

ಅಕ್ಟೋಬರಿನ ಒಂದು ಸಂಜೆ ಫಲಿತಾಂಶ ಬಂತು. ಇಬ್ಬರೂ ಐಸ್ ಹುಡಿಗೆ ಬಣ್ಣದ ಪಾಕ ಹಾಕಿ ಮಾರುವ ಅಂಗಡಿಯ ಬೆಂಚಿನಲ್ಲಿದ್ದರು.

"ಐನೂರ ಏಳು." ಅವಳು ನಕ್ಕಳು. "ಮೊದಲನೇ ಸಲ ಬಂದದ್ದಕ್ಕಿಂತ ಒಂದು ಕಡಿಮೆ!"

"ಅರ್ಜಿ ಹಾಕೋಕೆ ಸಾಕಾ?"

"ಸಾಕು ಅಂದ್ಕೊಂಡಿದ್ದೀನಿ. ಸಾಕಾಗ್ದಿದ್ರೆ ಮತ್ತೆ ಬರೀತೀನಿ. ಈಗ ಭಯ ಇಲ್ಲ." ಐಸಿನ ಲೋಟ ಪಕ್ಕಕ್ಕಿಟ್ಟು ಕೇಳಿದಳು, "ಸೀಟು ಸಿಕ್ಕಿದ್ರೆ ವರ್ಷಗಟ್ಟಲೆ ಓದ್ಬೇಕು. ನಿಂಗೆ ಬೇಸರ ಆಗಲ್ವಾ?"

"ಆಗುತ್ತೆ. ಆದ್ರೂ ಕಾಯ್ತೀನಿ. ಒಂದೇ ತೊಂದರೆ..."

"ಏನು?"

"ಏನಾಗ್ಬೇಕು ಅವಳು ನಿಂಗೆ ಅಂತ ಯಾರಾದ್ರೂ ಕೇಳಿದ್ರೆ ಏನ್ ಹೇಳ್ಲಿ?"

ಅವಳು ಪಾಕದಿಂದ ಅಂಟಂಟಾಗಿದ್ದ ಬೆರಳುಗಳಿಂದಲೇ ಅವನ ಕೈ ಹಿಡಿದಳು.

"ನನ್ನೋಳು ಅಂತ ಹೇಳು."

"ಜೋರಾಗಿ ಹೇಳ್ಲಾ?"

"ಊಹೂಂ... ಮೊದಲು ನಂಗೊಬ್ಬಳಿಗೆ ಹೇಳು. ಮೆಲ್ಲಗೆ."

ಅವನು ಅವಳ ಕಿವಿಯ ಹತ್ತಿರ ಬಾಗಿದ.