ಗುರುವಾರದ ಎರಡು ಟಿಕೆಟ್

"ರೀ, ನಿಂತ್ಕೊಳ್ರೀ! ನಿಮಗೇ ಹೇಳ್ತಿರೋದು!"

ಹಿಂದಿನಿಂದ ಯಾರೋ ಓಡಿ ಬಂದು ಹಿಲ್ಕಾಳ ತೋಳು ಹಿಡಿದರು. ಮೆಪ್ಪೆಲ್ ನಿಲ್ದಾಣದಲ್ಲಿ ಸಂಜೆಯ ರೈಲು ಆಗಷ್ಟೇ ಜನರನ್ನು ಇಳಿಸಿ ಹೋಗಿತ್ತು. ಅವಳು ಗಕ್ಕನೆ ತಿರುಗಿದಳು. ಎತ್ತರದ ಆಸಾಮಿ, ಕೆಂಪು ಗಡ್ಡ, ಬಸ್ ಚಾಲಕರ ನೀಲಿ ಕೋಟು.

"ಮೊದಲು ಕೈ ತೆಗೀರಿ!"

"ತೆಗೆದೆ, ತೆಗೆದೆ! ಆದ್ರೆ ನೀವು ಕಾರ್ಡ್ ಮುಟ್ಟಿಸ್ದೇನೇ ಹೊರಟುಬಿಟ್ರಲ್ಲ?"

ಹಿಲ್ಕಾ ಕೈಚೀಲ ತೆರೆದು ಪರ್ಸು ಇದೆಯೇ ಎಂದು ನೋಡಿದಳು. ಇತ್ತು. ಫೋನೂ ಇತ್ತು. ಹಾಗಾದರೆ ಇವನಿಗೆ ಬೇಕಾದದ್ದೇನು?

ನಮ್ಮ ಕಡೆ ಟಿಕೆಟ್ ಬದಲು ರೈಲು ಹತ್ತುವ ಮೊದಲು ಕಂಬಕ್ಕೆ ರೈಲು ಕಾರ್ಡ್ ಮುಟ್ಟಿಸಬೇಕು, ಇಳಿದ ಮೇಲೆ ಇನ್ನೊಮ್ಮೆ ಮುಟ್ಟಿಸಬೇಕು, ಇಲ್ಲದಿದ್ದರೆ ಹೆಚ್ಚು ದುಡ್ಡು ಕಡಿತ. ಈ ಎರಡನೆಯದನ್ನು ಒಮ್ಮೆಯೂ ಮರೆಯದ ಡಚ್ಚರನ್ನು ನಾನಂತೂ ಕಂಡಿಲ್ಲ. ಆದರೆ ಅದನ್ನು ನೆನಪಿಸಲು ಪ್ಲಾಟ್‌ಫಾರ್ಮ್ ಉದ್ದಕ್ಕೂ ಓಡಿ ಬಂದವನನ್ನು ಹಿಲ್ಕಾ ಕಂಡದ್ದು ಅದೇ ಮೊದಲು!

ಅವಳು ವಾಪಸ್ ಹೋಗಿ ಕಾರ್ಡ್ ಮುಟ್ಟಿಸಿದಳು. ಟಿಣ್ ಎಂದಿತು.

"ಆಯ್ತಾ? ಸಮಾಧಾನ ಆಯ್ತಾ?"

"ನನಗೆ ಆಯ್ತು. ನೀವು ಮಾತ್ರ ಇನ್ನೂ ನನ್ನನ್ನ ಕಳ್ಳನ ಥರಾನೇ ನೋಡ್ತಿದೀರ," ಎಂದು ನಕ್ಕ ಅವನು. "ಯೋರಿತ್ ನನ್ನ ಹೆಸರು."

ನಗು ಚೆನ್ನಾಗಿತ್ತು... ಅದೇ ತೊಂದರೆಯಾದದ್ದು.

ಸ್ಟೇಫನ ನಗುವೂ ಚೆನ್ನಾಗಿಯೇ ಇತ್ತು. ಮದುವೆಯಾಗುತ್ತೇನೆ ಎಂದಿದ್ದ ಸ್ಟೇಫ್ ವಾರವಾರವೂ ರಾಟರ್‌ಡ್ಯಾಮ್‌ನಲ್ಲಿ ಕೆಲಸವಿದೆ ಎಂದು ಹೊರಡುತ್ತಿದ್ದ. ಅವನಿದ್ದದ್ದು ಎರಡು ಬೀದಿ ಆಚೆ, ಇನ್ನೊಬ್ಬಳ ಮನೆಯಲ್ಲಿ. ಮೂರು ವರ್ಷ! ಊರಿಗೆಲ್ಲ ಗೊತ್ತಿತ್ತು, ಹಿಲ್ಕಾಳಿಗೆ ಮಾತ್ರ ಗೊತ್ತಿರಲಿಲ್ಲ. ಅಂದಿನಿಂದ ಯಾರು "ಶುಭೋದಯ" ಎಂದರೂ ಅವಳು ಒಮ್ಮೆ ಕಿಟಕಿಯಾಚೆ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಆದರೂ ಪ್ರೀತಿ ಆಯಿತು. ಮಾರ್ಚ್‌ನಲ್ಲಿ ಭೇಟಿ, ಏಪ್ರಿಲ್‌ನಲ್ಲಿ ಕಾಲುವೆ ದಂಡೆಯ ಮೇಲೆ ಮೊದಲ ಮುತ್ತು. ಮೇ ತಿಂಗಳ ಒಂದು ಭಾನುವಾರ ಯೋರಿತ್ ತನ್ನ ಮನೆಯ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ.

"ಅವಸರ ಇಲ್ಲ. ಬರ್ಬೇಕು ಅನ್ನಿಸಿದ ದಿನ ಬಂದುಬಿಡು. ಬೇಡ ಅನ್ನಿಸಿದ್ರೆ ವಾಪಸ್ ಕೊಡು, ನಾನು ಯಾಕೆ ಅಂತ ಕೇಳಲ್ಲ."

ಹಿಲ್ಕಾ ಕೀಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ತನ್ನ ಕೀಲಿಗೊಂಚಲಿಗೆ ಸೇರಿಸಲಿಲ್ಲ. *ನೋಡೋಣ... ಇನ್ನೂ ಸ್ವಲ್ಪ ದಿನ ನೋಡೋಣ.*

---

ಆ ದಿನಗಳಲ್ಲಿ ಹಿಲ್ಕಾಳ ಮನೆಯಲ್ಲಿ ಒಂದು ಪ್ರವಾಸದ ತಯಾರಿ ನಡೆದಿತ್ತು. ಒಂದೇ ದಿನದ ಪ್ರವಾಸ. ಆದರೆ ಅವಳಿಗೆ ಅದು ಪರೀಕ್ಷೆಗಿಂತ ಹೆಚ್ಚು.

ಅವಳ ಅಮ್ಮ ಬೌಕ್ಯಾ ಹುಟ್ಟಿದ್ದು ದೊಡ್ಡ ಸರೋವರವೊಂದರ ದಡದ ಸ್ಟಾವೊರೆನ್‌ನಲ್ಲಿ. ಅಪ್ಪನ ಊರು ಸರೋವರದ ಆಚೆ ದಡದ ಎಂಕ್‌ಹೌಜನ್. ನಡುವೆ ಓಡಾಡುವ ದೋಣಿಯಲ್ಲೇ ಅವರ ಪ್ರೀತಿ ಶುರುವಾದದ್ದು. ಮದುವೆಯಾದ ಮೇಲೂ ಪ್ರತಿ ವರ್ಷ ಅಪ್ಪನ ಹುಟ್ಟುಹಬ್ಬದ ದಿನ, ಜೂನ್ ಹದಿನಾಲ್ಕರಂದು, ಮೆಪ್ಪೆಲ್‌ನಿಂದ ರೈಲು ಹಿಡಿದು, ಲೀವಾರ್ಡನ್‌ನಲ್ಲಿ ಬದಲಿಸಿ, ಆ ದೋಣಿ ಹತ್ತಿ ದಾಟುತ್ತಿದ್ದರು. ಅಪ್ಪ ಹೋದ ಮೇಲೆ ಅಮ್ಮನನ್ನು ಹಿಲ್ಕಾ ಕರೆದುಕೊಂಡು ಹೊರಟಳು. ಅದು ಕಳೆದ ವರ್ಷದ ಮಾತು. ಪಾರ್ಶ್ವವಾಯು ಬಡಿದು ಬಲಗಾಲು ಸೋತಿದ್ದ ಅಮ್ಮ ಲೀವಾರ್ಡನ್‌ನಲ್ಲಿ ಇಳಿಯುವಾಗ ಮಗಳ ಕೈಯಿಂದ ಜಾರಿ, ರೈಲಿಗೂ ಪ್ಲಾಟ್‌ಫಾರ್ಮ್‌ಗೂ ನಡುವಿನ ಸಂದಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದಳು.

ಅಂದಿನಿಂದ ಅಮ್ಮ ಹೊಸ್ತಿಲು ದಾಟಿಲ್ಲ. ಹಿಲ್ಕಾ ತನ್ನನ್ನು ತಾನು ಕ್ಷಮಿಸಿಲ್ಲ.

"ಈ ವರ್ಷ ಹೋಗೋದೇ ಅಮ್ಮ! ಯೋರಿತ್ ಎಲ್ಲಾ ಲೆಕ್ಕ ಹಾಕಿಕೊಡ್ತಾನೆ," ಎಂದಿದ್ದಳು. ವೇಳಾಪಟ್ಟಿ ಅಂದರೆ ಯೋರಿತ್‌ಗೆ ಪ್ರಾಣ.

ಜೂನ್ ಮೊದಲ ಭಾನುವಾರ ಮೂವರೂ ಅಡುಗೆಮನೆಯ ಮೇಜಿಗೆ ಕೂತರು. ಯೋರಿತ್ ತನ್ನ ದಪ್ಪ ನೋಟ್‌ಬುಕ್ ಬಿಡಿಸಿದ.

"ಲೀವಾರ್ಡನ್‌ನಲ್ಲಿ ರೈಲು ಬದಲಿಸೋಕೆ ಒಂಬತ್ತು ನಿಮಿಷ ಸಿಗುತ್ತೆ. ಅಮ್ಮಾವ್ರ ಹೆಜ್ಜೆಗೆ ಏಳು ಸಾಕು. ಸ್ಟಾವೊರೆನ್‌ನಲ್ಲಿ ಇಳಿದ್ರೆ ದೋಣಿ ಅಲ್ಲೇ ಎದುರಿಗೇ."

ಹಿಲ್ಕಾಳ ಕಿವಿ ನೆಟ್ಟಗಾಯಿತು. "ಏಳು ನಿಮಿಷ ಅಂತ ನಿನಗೆ ಹೇಗೆ ಗೊತ್ತು? ಅಮ್ಮ ನಡೆಯೋದನ್ನ ನೀನು ಈ ಅಡುಗೆಮನೆ ಬಿಟ್ಟು ಎಲ್ಲಿ ನೋಡಿದೀಯ?"

"ಅಂ... ಅಂದಾಜು."

ಅವನ ಕಿವಿ ಗಡ್ಡಕ್ಕಿಂತ ಕೆಂಪಾಯಿತು.

ಅಮ್ಮ ಬಿಸ್ಕತ್ತಿನ ಡಬ್ಬಿ ಮುಂದೆ ಸರಿಸಿದಳು. "ಇನ್ನೊಂದು ತಗೋಪ್ಪ ಯೋರಿತ್."

ಇನ್ನೊಂದು! ನಮ್ಮಲ್ಲಿ ಕಾಫಿಗೆ ಒಂದೇ ಬಿಸ್ಕತ್ತು. ಡಬ್ಬಿ ತೆರೆ, ಒಂದು ತಗೋ, ಮುಚ್ಚಳ ಮುಚ್ಚು, ಅಷ್ಟೆ. ಸ್ಟೇಫ್ ಮೂರು ವರ್ಷ ಬಂದುಹೋದರೂ ಎರಡನೆಯದರ ಮುಖ ನೋಡಿರಲಿಲ್ಲ. ಇವನು ಬಂದು ಮೂರು ತಿಂಗಳಾಗಿಲ್ಲ... ಅಮ್ಮನನ್ನು ಹೀಗೆ ಮರುಳು ಮಾಡಿದ್ದಾದರೂ ಹೇಗೆ? ಇಷ್ಟಕ್ಕೂ ಅಮ್ಮನ ಮೂಗೇಕೆ ಸುಟ್ಟ ಹಾಗೆ ಕೆಂಪಗಿದೆ?

"ಕಿಟಕಿ ಹತ್ತಿರ ಕೂತಿದ್ದೆ ಕಣೇ, ಬಿಸಿಲು ಬಡೀತು," ಎಂದಳು ಅಮ್ಮ, ಮುಚ್ಚಳ ಒತ್ತುತ್ತಾ.

---

ಹಿಲ್ಕಾ ಕೆಲಸ ಮಾಡುತ್ತಿದ್ದದ್ದು ಮೀನಿನ ಗಾಡಿಯಲ್ಲಿ. ಗುರುವಾರ ಮೆಪ್ಪೆಲ್‌ನ ಸಂತೆ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ, ಗಾಡಿ ತೊಳೆದು ವಾಪಸಾಗುವಾಗ ಸಂಜೆ ಏಳು.

"ನಿನ್ನ ಕೆಂಪುಗಡ್ಡ ಎಲ್ಲಿ ಹೋಗಿದ್ದಾನೆ ಹುಡುಗಿ?" ಕೇಳಿದಳು ಗಾಡಿಯ ಒಡತಿ ತ್ರೈನಾ, ಮೀನು ಎಣ್ಣೆಗೆ ಬಿಡುತ್ತಾ. "ಇವತ್ತು ಬೆಳಿಗ್ಗೆ ಅವನ ಬಸ್ಸಲ್ಲಿ ಇನ್ಯಾರೋ ಡ್ರೈವರ್ ಇದ್ದ."

ಹಿಲ್ಕಾ ಮೀನು ಕಟ್ಟುವುದನ್ನು ನಿಲ್ಲಿಸಿದಳು. ಈ ಗುರುವಾರ ಡ್ಯೂಟಿ ಇದೆ ಎಂದಿದ್ದ. ಹೋದ ಗುರುವಾರವೂ ಡ್ಯೂಟಿ ಎಂದಿದ್ದ. ಅದರ ಹಿಂದಿನದ್ದಕ್ಕೂ!

"ರಜೆ ಹಾಕಿರ್ಬೇಕು," ಎಂದಳು.

"ನಿನಗೆ ಹೇಳ್ದೇನೇ? ಹೂಂ..."

ಆ 'ಹೂಂ' ದಿನವಿಡೀ ಕಿವಿಯಲ್ಲೇ ಉಳಿಯಿತು. ಹಿಲ್ಕಾ ಗಿರಾಕಿಗಳಿಗೆ ತಪ್ಪು ಮೀನು ಕಟ್ಟಿಕೊಟ್ಟಳು. *ಮತ್ತೆ ಅದೇನಾ? ಈ ಸಲ ಊರಿಗೆಲ್ಲ ಗೊತ್ತಾಗೋ ಮೊದಲೇ ನಾನು ತಿಳ್ಕೋಬೇಕು.*

ಸಂಜೆ ನೇರವಾಗಿ ಅವನ ಮನೆಗೆ ಹೋದಳು. ಕೀಲಿ ಬಳಸಲಿಲ್ಲ, ಬೆಲ್ ಒತ್ತಿದಳು.

"ಡ್ಯೂಟಿ ಹೇಗಿತ್ತು?"

"ಚೆನ್ನಾಗಿತ್ತು," ಎಂದ ಯೋರಿತ್. ಕಿವಿ ಕೆಂಪು.

ಹಿಲ್ಕಾ ನೇರ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡಳು. ಅಲ್ಲಿ ಎದುರಿಗೇ ಹುಟ್ಟುಹಬ್ಬದ ಕ್ಯಾಲೆಂಡರ್. ನಮ್ಮ ಮನೆಗಳಲ್ಲಿ ಅದರ ಜಾಗ ಅದೇ. ಕೂತಾಗ ಕಣ್ಣಿಗೆ ಬೀಳಬೇಕಲ್ಲ! ತನ್ನವರು ಎನಿಸಿಕೊಂಡವರ ಹೆಸರೆಲ್ಲ ಅದರಲ್ಲಿರುತ್ತದೆ. ಅವಳು ಅಕ್ಟೋಬರ್ ಪುಟ ತಿರುವಿದಳು. ತನ್ನ ಹುಟ್ಟುಹಬ್ಬದ ಮೂರನೇ ತಾರೀಖು ಖಾಲಿ.

ಒಂಬತ್ತನೇ ತಾರೀಖಿಗೆ ಪಕ್ಕದ ಮನೆಯ ನಾಯಿಯ ಹೆಸರಿತ್ತು. ನಾಯಿಯದ್ದು!

ಕಣ್ಣಲ್ಲಿ ನೀರು ಬಂತು. ಹೊರಗೆ ಬಂದಾಗ ಯೋರಿತ್ ಕಾಫಿ ಮಾಡುತ್ತಿದ್ದ. ಮೇಜಿನ ಮೇಲೆ ಆ ನೋಟ್‌ಬುಕ್. ತಪ್ಪೆಂದು ಗೊತ್ತಿದ್ದೂ ತೆರೆದಳು. ಪುಟಗಳ ನಡುವೆ ದೋಣಿಯ ಟಿಕೆಟ್. ಸ್ಟಾವೊರೆನ್‌ನಿಂದ ಎಂಕ್‌ಹೌಜನ್. ತಾರೀಖು ಹೋದ ಗುರುವಾರದ್ದು.

ಒಂದಲ್ಲ... ಎರಡು.

ಅಪ್ಪ ಅಮ್ಮನ ದೋಣಿ. ಅದರಲ್ಲಿ ಇನ್ನೊಬ್ಬಳನ್ನು ಕೂರಿಸಿಕೊಂಡು ಹೋಗಿದ್ದಾನೆ!

"ಕಾಫಿ ಬೇಡ, ತಲೆನೋವು," ಎಂದವಳೇ ಹೊರಟುಬಿಟ್ಟಳು. ದಾರಿಯುದ್ದಕ್ಕೂ ಅತ್ತಳು. ಅತ್ತದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

---

ಶನಿವಾರ ಮಧ್ಯಾಹ್ನ ಮೀನಿನ ಗಾಡಿಯಲ್ಲಿದ್ದಾಗ ಅವಳ ಫೋನಿಗೆ ಒಂದು ಸಂದೇಶ ಬಂತು. ಅಮ್ಮನ ರೈಲು ಕಾರ್ಡಿನ ವ್ಯವಹಾರವೆಲ್ಲ ಹಿಲ್ಕಾಳ ವಿಳಾಸಕ್ಕೇ ಬರುತ್ತಿತ್ತು.

'ಮಾನ್ಯ ಬೌಕ್ಯಾ ಅವರೇ, ಹೋದ ವಾರದ ಗುರುವಾರ ಎಂಕ್‌ಹೌಜನ್‌ನಲ್ಲಿ ರೈಲು ಹತ್ತಿದ ನೀವು, ಇಳಿದ ಮೇಲೆ ಕಾರ್ಡ್ ಮುಟ್ಟಿಸಲು ಮರೆತಿದ್ದೀರಿ.'

ಹಿಲ್ಕಾ ಮೂರು ಸಲ ಓದಿದಳು. ಅಮ್ಮ? ಒಂದು ವರ್ಷದಿಂದ ಬಾಗಿಲಾಚೆ ಕಾಲಿಡದ ಅಮ್ಮ?

ಮರುಕ್ಷಣ ಎಲ್ಲ ಹೊಂದಿಕೊಂಡಿತು. ಮೈಯೆಲ್ಲ ಉರಿದುಹೋಯಿತು. *ಅಮ್ಮನ ಕಾರ್ಡ್ ಕದ್ದಿದ್ದಾನೆ! ಅಮ್ಮನ ಕಾರ್ಡಿನಲ್ಲಿ ಅವಳನ್ನು ಸುತ್ತಾಡಿಸಿದ್ದಾನೆ!*

ಗಾಡಿಯ ಏಪ್ರನ್ ಕೂಡ ಬಿಚ್ಚದೆ ಸೈಕಲ್ ತುಳಿದಳು. ಮನೆಗೆ ಬಂದರೆ ಮಹಾಶಯ ಅಡುಗೆಮನೆಯಲ್ಲೇ ಇದ್ದ! ಅಮ್ಮನ ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದ. ತಟ್ಟೆಯಲ್ಲಿ ಬಿಸ್ಕತ್ತು ಎರಡು.

ಹಿಲ್ಕಾ ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲೆ ಎಸೆದಳು.

"ತಗೋ! ಯಾಕೆ ಅಂತ ಕೇಳಲ್ಲ ಅಂದಿದ್ದೆಯಲ್ಲ? ನಾನೇ ಹೇಳ್ತೀನಿ. ಯಾರು ಅವಳು?"

"ಹಿಲ್ಕಾ... ಯಾರು?"

"ಗುರುವಾರದವಳು! ಡ್ಯೂಟಿ ಅಂತೆ, ಡ್ಯೂಟಿ! ದೋಣಿಗೆ ಎರಡು ಟಿಕೆಟ್ ನಾನೇ ನೋಡಿದೀನಿ. ನನಗೆ ಸುಳ್ಳು ಹೇಳ್ದೆ, ಹೋಗ್ಲಿ. ನಡೆಯೋಕಾಗದ ನಮ್ಮಮ್ಮನ ಕಾರ್ಡ್ ಕದಿಯೋಕೆ ಹೇಗೋ ಮನಸ್ಸು ಬಂತು ನಿನಗೆ?"

ಯೋರಿತ್ ಬಿಳಿಚಿಕೊಂಡ. ಬಾಯಿ ತೆರೆದ. ಅಮ್ಮನ ಕಡೆ ನೋಡಿದ. ಬಾಯಿ ಮುಚ್ಚಿದ.

"ಮಾತಾಡು!"

"ನಾನು ಹೇಳೋ ಹಾಗಿಲ್ಲ ಹಿಲ್ಕಾ. ಮಾತು ಕೊಟ್ಟಿದೀನಿ."

"ಅವಳಿಗಾ?"

"ಹೌದು."

ಹಿಲ್ಕಾ ಬಾಗಿಲ ಕಡೆ ಕೈ ತೋರಿಸಿದಳು. ಯೋರಿತ್ ಕೀಲಿಯನ್ನು ನೋಡುತ್ತಾ ಮೆಲ್ಲಗೆ ಎದ್ದು ಕೋಟು ತೆಗೆದುಕೊಂಡ. ಬಾಗಿಲವರೆಗೂ ಹೋದ.

"ಕೂತ್ಕೋಪ್ಪ ಯೋರಿತ್," ಎಂದಳು ಅಮ್ಮ. "ಆ ಗುರುವಾರದವಳು ನಾನೇ ಕಣೇ ಹಿಲ್ಕಾ."

ಯೋರಿತ್ ಬಾಗಿಲ ಹಿಡಿಯಿಂದ ಕೈ ತೆಗೆದ.

"ನೀನು...?"

"ನಾನೇ. ಮೊದಲನೇ ಗುರುವಾರ ನಿಲ್ದಾಣದವರೆಗೆ ಹೋಗಿ ಹೆದರಿ ವಾಪಸ್ ಬಂದ್ವಿ. ಎರಡನೇ ವಾರ ಲೀವಾರ್ಡನ್. ಆ ಸಂದಿ ಮುಂದೆ ನಿಂತು ಅತ್ತೆ. ಇವನು ನಾಲ್ಕು ರೈಲು ಬಿಟ್ಟ, ಅವಸರ ಮಾಡ್ಲಿಲ್ಲ. ಮೂರನೇ ವಾರ ದೋಣಿ. ಮೂಗು ಸುಟ್ಟಿದ್ದು ಅಲ್ಲೇ. ಮೊನ್ನೆ ಮತ್ತೆ ಲೀವಾರ್ಡನ್, ಇಳಿಯೋದು ಹತ್ತೋದು, ಇಳಿಯೋದು ಹತ್ತೋದು... ಅಷ್ಟೇ."

"ನನಗ್ಯಾಕೆ ಹೇಳ್ಲಿಲ್ಲ ಅಮ್ಮ? ನಾನೇ ಕರ್ಕೊಂಡ್ ಹೋಗ್ತಿರ್ಲಿಲ್ವಾ?"

ಅಮ್ಮ ಮಗಳ ಕೈ ಹಿಡಿದುಕೊಂಡಳು. ಮೀನಿನ ವಾಸನೆಯ, ನಡುಗುತ್ತಿದ್ದ ಕೈ.

"ನೋಡು, ಈಗಲೂ ನಡುಗ್ತಿದೆ. ನಾನು ಬಿದ್ದ ದಿನದಿಂದ ನನ್ನ ಮುಟ್ಟಿದಾಗೆಲ್ಲ ಹೀಗೇ. ನೀನು ನಡುಗಿದ್ರೆ ನನ್ನ ಕಾಲು ಸೋಲುತ್ತೆ ಮಗಳೇ. ಅದಕ್ಕೇ ನೀನಿಲ್ದೆ ಕಲ್ತ್ಕೊಂಡೆ. ಹದಿನಾಲ್ಕರಂದು ನಿನ್ನ ಕೈ ಹಿಡಿದು ಇಳೀಬೇಕು, ನಿನ್ನ ಭಯ ಹೋಗ್ಬೇಕು ಅಂತ. ಬಾಯಿ ಬಿಟ್ರೆ ನೋಡು ಅಂತ ಇವನ ಹತ್ರ ಆಣೆ ಮಾಡಿಸ್ಕೊಂಡಿದ್ದೆ."

ಹಿಲ್ಕಾ ನೆಲಕ್ಕೆ ಕುಸಿದು ಅಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಒಂದು ವರ್ಷದಿಂದ ತಡೆದಿಟ್ಟದ್ದೆಲ್ಲ ಆಚೆ ಬಂತು.

"ಆದ್ರೆ ಇಳಿದ ಮೇಲೆ ಕಾರ್ಡ್ ಮುಟ್ಟಿಸೋದು ಮರ್ತೇಹೋಯ್ತು ನೋಡು, ಅಷ್ಟು ಖುಷಿಯಾಗಿತ್ತು!" ಎಂದಳು ಅಮ್ಮ, ತಾನೂ ಕಣ್ಣೊರೆಸಿಕೊಳ್ಳುತ್ತಾ. "ಊರವರ ಕಾರ್ಡಿಗೆಲ್ಲ ಓಡೋನು, ನನ್ನದನ್ನ ನೋಡ್ಲೇ ಇಲ್ಲ."

"ನಾನೂ ಖುಷಿಯಲ್ಲಿದ್ದೆ ಅಮ್ಮಾವ್ರೇ," ಎಂದ ಯೋರಿತ್, ಇನ್ನೂ ಬಾಗಿಲಲ್ಲೇ ನಿಂತು.

ಹಿಲ್ಕಾ ತಲೆ ಎತ್ತಿದಳು. ಅವನ ಮುಖ ನೋಡಲು ನಾಚಿಕೆಯಾಯಿತು. ಅವನು ಒಂದೇ ಒಂದು ಮಾತು ಹೇಳಿದ್ದರೆ ಉಳಿದುಕೊಳ್ಳುತ್ತಿದ್ದ; ಹೇಳಲಿಲ್ಲ. ಕೋಟು ಹಾಕಿಕೊಂಡು ಹೊರಟುಬಿಡಲಿದ್ದ!

"ನೀನು ಸುಳ್ಳು ಹೇಳಿದ್ದಂತೂ ನಿಜ," ಎಂದಳು ಮೂಗೊರೆಸುತ್ತಾ.

"ನಿಜ. ಇನ್ನೊಂದ್ಸಲ ನಿಮ್ಮಮ್ಮ ಆಣೆ ಹಾಕಿಸಿದ್ರೂ ಸುಳ್ಳು ಹೇಳಲ್ಲ. ಈ ಕಿವಿ ಬೇರೆ ಕೆಂಪಾಗಿ ಮರ್ಯಾದೆ ತೆಗೆಯುತ್ತೆ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

---

ಜೂನ್ ಹದಿನಾಲ್ಕು. ಲೀವಾರ್ಡನ್‌ನಲ್ಲಿ ರೈಲಿನ ಬಾಗಿಲು ತೆರೆಯಿತು. ಯೋರಿತ್ ಅಮ್ಮ ಆಸರೆಗೆ ಹಿಡಿದು ನಡೆಯುವ ಚಕ್ರದ ಚೌಕಟ್ಟನ್ನು ಕೆಳಗಿಟ್ಟು ದೂರ ನಿಂತ. ಬೇಕೆಂದೇ ದೂರ ನಿಂತ.

"ಕೈ ಕೊಡೇ," ಎಂದಳು ಅಮ್ಮ.

ಹಿಲ್ಕಾಳ ಕೈ ನಡುಗುತ್ತಲೇ ಇತ್ತು. ಅಮ್ಮ ಅದನ್ನು ಬಿಗಿಯಾಗಿ ಹಿಡಿದು, ಎಡಗಾಲಿಟ್ಟು, ಬಲಗಾಲು ಎಳೆದುಕೊಂಡು ಆ ಸಂದಿ ದಾಟಿದಳು. ಪ್ಲಾಟ್‌ಫಾರ್ಮ್ ಮೇಲೆ ಗಟ್ಟಿಯಾಗಿ ನಿಂತಳು.

"ಎಷ್ಟು ನಿಮಿಷ ಆಯ್ತಪ್ಪಾ?" ಎಂದು ಕೂಗಿದಳು.

"ಇನ್ನೂ ಆರು ಉಳಿದಿದೆ ಅಮ್ಮಾವ್ರೇ!"

ದೋಣಿಯಲ್ಲಿ ಅಮ್ಮ ಮೂಗಿಗೆ ಬಿಸಿಲಿನ ಕ್ರೀಮ್ ಹಚ್ಚಿಕೊಂಡು, ಅಪ್ಪ ಕೂರುತ್ತಿದ್ದ ಕಡೆ ಮುಖ ಮಾಡಿ ಕೂತಳು. ಹಿಲ್ಕಾ ಯೋರಿತ್ ಪಕ್ಕ ಕಟಕಟೆಗೆ ಒರಗಿ ನಿಂತಳು. ಕೋಟಿನಿಂದ ಕೀಲಿಗೊಂಚಲು ತೆಗೆದು ತೋರಿಸಿದಳು. ಅವನ ಮನೆಯ ಕೀಲಿ ಅದರಲ್ಲಿತ್ತು.

"ಮೇಜಿನ ಮೇಲಿಂದ ವಾಪಸ್ ತಗೊಂಡೆ. ನಾನು ನಿನ್ನನ್ನ ತುಂಬಾ ಪ್ರೀತಿಸ್ತೀನಿ ಕಣೋ. ಆದ್ರೆ ಅನುಮಾನ ಇದೆಯಲ್ಲ... ಒಂದೇ ದಿನಕ್ಕೆ ಹೋಗಲ್ಲ."

"ಇರ್ಲಿ ಬಿಡು. ಅನುಮಾನ ಬಂದಾಗೆಲ್ಲ ಕೇಳು, ನಾನು ಹೇಳ್ತೀನಿ."

"ಹಾಗಾದ್ರೆ ಈಗಲೇ ಕೇಳ್ತೀನಿ. ಪಕ್ಕದ ಮನೆ ನಾಯಿ ಹೆಸರು ಕ್ಯಾಲೆಂಡರಲ್ಲಿದೆ. ನನ್ನದು ಯಾಕಿಲ್ಲ?"

ಯೋರಿತ್ ಅವಳ ಕಡೆ ತಿರುಗಿದ. "ನಾನು ಪೆನ್ನಲ್ಲೇ ಬರಿಯೋದು ಹಿಲ್ಕಾ. ಅಳಿಸೋಕಾಗಲ್ಲ. ನೀನು ಕೀಲಿ ಇಟ್ಕೋತೀಯೋ ಇಲ್ವೋ ಗೊತ್ತಿರ್ಲಿಲ್ಲ. ಬರ್ದುಬಿಟ್ಟು, ನೀನು ಹೊರಟುಹೋದ್ರೆ... ಪ್ರತಿ ಬೆಳಿಗ್ಗೆ ಅದನ್ನ ನೋಡೋ ಧೈರ್ಯ ಇರ್ಲಿಲ್ಲ."

ಅವನ ಕಿವಿ ಕೆಂಪಾಗಿರಲಿಲ್ಲ. ಹಿಲ್ಕಾ ಎರಡೂ ಕಿವಿ ನೋಡಿ ಖಾತ್ರಿ ಮಾಡಿಕೊಂಡಳು.

ಸಂಜೆ ಮೆಪ್ಪೆಲ್‌ನಲ್ಲಿ ಇಳಿದಾಗ ಇಬ್ಬರೂ ಕೈ ಕೈ ಹಿಡಿದು ಕಂಬವನ್ನು ದಾಟಿ ಹೊರಟೇಬಿಟ್ಟಿದ್ದರು.

"ಏಯ್, ನಿಂತ್ಕೊಳ್ರೋ ಇಬ್ರೂ!" ಹಿಂದಿನಿಂದ ಅಮ್ಮನ ಕೂಗು. "ಕಾರ್ಡ್ ಮುಟ್ಟಿಸ್ದೇ ಎಲ್ಲಿಗೆ ಹೊರಟ್ರಿ?"

ಟಿಣ್. ಟಿಣ್.

"ಅಕ್ಟೋಬರ್ ಮೂರು, ಅಲ್ವಾ?" ಎಂದು ಪಿಸುಗುಟ್ಟಿದ ಯೋರಿತ್. "ಇವತ್ತೇ ಬರೀತೀನಿ."

"ಪೆನ್ನಲ್ಲಿ?"

"ಪೆನ್ನಲ್ಲೇ."

"ನಾನೂ ಬಂದು ಪಕ್ಕದಲ್ಲಿ ನಿಂತು ನೋಡ್ತೀನಿ."

"ಇನ್ನೂ ನಂಬಿಕೆ ಇಲ್ವೇನೇ?"

"ಅದಕ್ಕಲ್ವೋ..." ಹಿಲ್ಕಾ ಅವನ ಭುಜಕ್ಕೆ ಒರಗಿದಳು. "ನೀನು ನನ್ನ ಹೆಸರು ಬರಿಯೋದನ್ನ ನೋಡ್ಬೇಕು, ಅಷ್ಟೇ."