ಲಿವರ್ ಅದಲುಬದಲಾದ ಭಾನುವಾರ

ಲೋಡರಿನಿಂದ ಇಳಿದವಳು ನೇರವಾಗಿ ಮೆಕ್ಯಾನಿಕ್‌ನ ಎದುರಿಗೇ ಬಂದು ನಿಂತಳು. ಅವಳು ಕೆಲಸಕ್ಕೆ ಸೇರಿ ಅದು ಎರಡನೆಯ ದಿನ.

“ಈ ಗಾಡಿಗೆ ಗ್ರೀಸ್ ಹೊಡೆಯೋದು ಯಾರು?”

ಹೊಸ ಡ್ರೈವರು ಬಂದು ಹೀಗೆ ಕೇಳಿದರೆ ಹಿಂದೆಯೇ ಒಂದು ದೂರು ಇದ್ದೇ ಇರುತ್ತದೆ. ಕೈಯಲ್ಲಿದ್ದ ಸ್ಪ್ಯಾನರನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, “ನಾನೇ. ಯಾಕೆ?” ಎಂದ.

“ಏನಿಲ್ಲ. ಬಕೆಟ್ಟಿನ ಕೆಳಗೆ ಮಂಡಿಯೂರಿ ಕೂತರೆ ಮಾತ್ರ ಕಾಣೋ ಪಾಯಿಂಟ್ ಒಂದಿದೆಯಲ್ಲ, ಅದಕ್ಕೂ ಹೊಡೆದಿದೀರ. ಆರು ವರ್ಷದಿಂದ ಗಾಡಿ ಓಡಿಸ್ತಿದೀನಿ, ಅಂಥೋರನ್ನ ನೋಡೇ ಇರ್ಲಿಲ್ಲ. ಮುಖ ನೋಡ್ಕೊಂಡು ಹೋಗೋಣ ಅಂತ ಬಂದೆ.”

ನೋಡಿದಳು. ಬೆಳಿಗ್ಗೆ ಆಯಿಲ್ ಮಟ್ಟ ನೋಡುವಷ್ಟೇ ಶ್ರದ್ಧೆಯಿಂದ, ಹಣೆಯಿಂದ ಗಲ್ಲದವರೆಗೆ ಒಮ್ಮೆ, ಗಲ್ಲದಿಂದ ಹಣೆಯವರೆಗೆ ಇನ್ನೊಮ್ಮೆ. ಆಮೇಲೆ ತಲೆಯಾಡಿಸಿ ಹೊರಟುಹೋದಳು.

ಸ್ಪ್ಯಾನರ್ ಬೆನ್ನ ಹಿಂದೆಯೇ ಉಳಿಯಿತು. ಯಾವ ಬೋಲ್ಟನ್ನು ಬಿಗಿಯಲು ಅದನ್ನು ಎತ್ತಿಕೊಂಡಿದ್ದೆನೆಂಬುದು ಅವನಿಗೆ ಆ ದಿನವೆಲ್ಲ ನೆನಪಾಗಲಿಲ್ಲ.

ಬಾಡಿಗೆ ಗಾಡಿಗಳ ಆ ಯಾರ್ಡು ಅವನ ಸೋದರತ್ತೆಯದು. ಐದು ಟ್ರಾಕ್ಟರು, ಒಂದು ಲೋಡರು, ಗೋಡೆಯುದ್ದಕ್ಕೂ ಸಾಲಾಗಿ ನಿಂತ ಟ್ರೈಲರು, ಮಣ್ಣು ಪುಡಿಮಾಡುವ ರೋಟವೇಟರು, ಗುಂಡಿ ತೋಡುವ ಆಗರು. ಹೊಲ ಉಳಲಿ, ಮಣ್ಣು ಹೊರಲಿ, ತಳಪಾಯ ತೋಡಲಿ, ಕರೆದವರ ಕಡೆಗೆ ಗಾಡಿ ಹೊರಡುತ್ತಿತ್ತು. ಅತ್ತೆಯ ದನಿಗೆ ಡೀಸೆಲ್ ಎಂಜಿನ್ನೂ ತಗ್ಗಿ ನಡೆಯಬೇಕು. ಅವನೋ ಮಾತಿಗೆ ಬಡವ, ಕಿವಿಗೆ ಸಿರಿವಂತ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದನೆಂದರೆ, ಒಳಗೆ ಸವೆಯುತ್ತಿರುವ ಬೇರಿಂಗು ತಾನಾಗಿಯೇ ಬಂದು ತಪ್ಪೊಪ್ಪಿಕೊಳ್ಳುತ್ತಿತ್ತು.

“ಅಲ್ಲಿ ಕಿವಿ ಇಟ್ಟು ಏನು ಕೇಳ್ತೀರ?” ಒಂದು ದಿನ ಹೊಸ ಡ್ರೈವರು ಟೀ ಲೋಟ ಹಿಡಿದು ಬಂದು ಕೇಳಿದಳು.

“ಎಲ್ಲಿ ನೋವಿದೆ ಅಂತ.”

“ಹೇಳುತ್ತಾ?”

“ಸುಮ್ನಿದ್ದು ಕೇಳಿದ್ರೆ ಎಲ್ಲಾ ಹೇಳುತ್ತೆ.”

“ಹೌದಾ? ಮನುಷ್ಯರಿಗೆ ಯಾವತ್ತಾದ್ರೂ ಇಟ್ಟು ನೋಡಿದೀರಾ, ಮೆಕ್ಯಾನಿಕ್ ಸಾಹೇಬ್ರೇ?”

ಕಣ್ಣಂಚಿನಲ್ಲಿ ಒಂದು ನಗೆ, ಹುಬ್ಬಿನಲ್ಲಿ ಇನ್ನೊಂದು. ಅವನ ಕಿವಿಯೆರಡೂ ಸೈಲೆನ್ಸರಿನಂತೆ ಕಾದವು. ಪಕ್ಕದ ಟ್ರಾಕ್ಟರಿನ ಮೇಲಿದ್ದ ಮುದಿ ಡ್ರೈವರ್, ಎಲ್ಲರಿಗೂ ‘ಮಾಮ’ನಾಗಿದ್ದವನು, “ಡ್ರೈವರಮ್ಮಾ, ಅವನನ್ನ ಬಿಟ್ಬಿಡಮ್ಮ, ರೇಡಿಯೇಟರ್ ಕುದಿಯೋ ಹಾಗಿದೆ!” ಎಂದು ಕೂಗಿದ.

ಎಲ್ಲವೂ ಚೆನ್ನಾಗಿತ್ತು, ಒಂದನ್ನು ಬಿಟ್ಟು.

ಆ ಲೋಡರಿಗೆ ಮುಂದೆ ಬಕೆಟ್ಟು, ಹಿಂದೆ ಅಗೆಯುವ ಉದ್ದನೆಯ ತೋಳು, ಅದರ ತುದಿಗೂ ಒಂದು ಸಣ್ಣ ಬಕೆಟ್ಟು. ತೋಳನ್ನು ಆಡಿಸಲು ಎರಡು ಲಿವರು. ಇಲ್ಲಿ ಎಡಗೈ ಲಿವರ್ ಎಳೆದರೆ ತೋಳು ಮೇಲೇಳುತ್ತಿತ್ತು, ಬಲಗೈಯದು ಅದನ್ನು ಚಾಚಿ ಮಡಚುತ್ತಿತ್ತು. ಅವಳು ಆರು ವರ್ಷ ದುಡಿದ ಹಳೆಯ ಜಾಗದ ಗಾಡಿಯಲ್ಲಿ ಎತ್ತುವುದು ಬಲಗೈಯ ಕೆಲಸ. ಕೈಗೆ ಕೂತ ಅಭ್ಯಾಸ ಮಾತು ಕೇಳುತ್ತದೆಯೇ? ಪ್ರತಿ ಬಕೆಟ್ಟಿಗೂ ಅವಳ ಕೈ ಒಂದು ಚಿಟಿಕೆ ಹೊತ್ತು ಗಾಳಿಯಲ್ಲಿ ನಿಂತು, ದಾರಿ ಕೇಳಿ, ಮುಂದೆ ಹೋಗುತ್ತಿತ್ತು.

ಅತ್ತೆಯ ಕಣ್ಣಿಗೆ ಅದು ಬೀಳದೆ ಇರಲಿಲ್ಲ.

“ಏನೋ ಇದು, ಈ ಹುಡುಗಿ ಕೈ ಮಧ್ಯದಲ್ಲಿ ನಿಂತು ಯೋಚನೆ ಮಾಡುತ್ತಲ್ಲೋ?”

“ಹೊಸ ಗಾಡಿ ಅಲ್ವಾ ಅತ್ತೆ, ಇನ್ನೊಂದಷ್ಟು ದಿನ…”

“ದಿನ ಎಲ್ಲಿದೆ? ಬರೋ ಸೋಮವಾರ ನೀರಿನ ಪೈಪಿನ ಕಾಲುವೆ ಶುರು. ಆ ಎಂಜಿನಿಯರ್ರು ಮೊದಲ ದಿನವೇ ಕೈ ನೋಡಿ ಬೇಕು ಬೇಡ ಅಂದ್ಬಿಡ್ತಾರೆ. ಇವಳ ಕೈಲಾಗ್ಲಿಲ್ಲ ಅಂದ್ರೆ ಕಳಿಸ್ಬಿಡ್ತೀನಪ್ಪ. ಹಳೇ ಯಜಮಾನ ದಿನಾ ಫೋನ್ ಮಾಡಿ ವಾಪಸ್ ಕರೀತಿದಾನಂತೆ, ಅವಳಿಗೇನೂ ಕೊರತೆಯಿಲ್ಲ.”

ಅವಳಿಗೆ ಕೊರತೆಯಿಲ್ಲ. ಕೊರತೆ ಯಾರಿಗೆಂಬುದು ಅವನಿಗೆ ಆ ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ತಿಳಿಯಿತು. ತೆರೆದ ಡಬ್ಬಿಯನ್ನು ಹಾಗೆಯೇ ಮುಚ್ಚಿಟ್ಟ.

ಅವನು ಇನ್ನೊಂದನ್ನೂ ಗಮನಿಸಿದ್ದ. ಬೆಳಿಗ್ಗೆ ಯಾರೂ ಬರುವ ಮೊದಲೇ ಅವಳು ಬಂದು ಕ್ಯಾಬಿನ್ನಿನಲ್ಲಿ ಕೂರುತ್ತಿದ್ದಳು. ಎಂಜಿನ್ ಶುರು ಮಾಡುತ್ತಿರಲಿಲ್ಲ. ಕಣ್ಣು ಮುಚ್ಚಿ, ತುಟಿಯಲ್ಲಿ ಏನನ್ನೋ ಎಣಿಸುತ್ತ, ಎರಡೂ ಲಿವರುಗಳನ್ನು ಮೆಲ್ಲಗೆ ಆಡಿಸುತ್ತಿದ್ದಳು. ಎಳೆಬಿಸಿಲು ಗಾಜಿನಿಂದಿಳಿದು ಅವಳ ಮುಂಗೈಯ ಮೇಲೆ ಕೂರುತ್ತಿತ್ತು. ಟೂಲ್ ರೂಮಿನ ಕಿಟಕಿಯಿಂದ ಅವನು ನೋಡುತ್ತಿದ್ದ. ಪಾಪ, ಎಷ್ಟು ಒದ್ದಾಡುತ್ತಿದ್ದಾಳೆ!

ಭಾನುವಾರ ಯಾರ್ಡಿನಲ್ಲಿ ನರಪಿಳ್ಳೆಯಿಲ್ಲ. ಅವನೊಬ್ಬನೇ ಬಂದ. ಹೈಡ್ರಾಲಿಕ್ ಒತ್ತಡ ಇಳಿಸಿದ. ಲಿವರುಗಳ ಬುಡದಲ್ಲಿದ್ದ ನಾಲ್ಕು ಪೈಪುಗಳನ್ನು ಬಿಚ್ಚಿ, ಎಡಗಡೆಯವನ್ನು ಬಲಕ್ಕೆ, ಬಲಗಡೆಯವನ್ನು ಎಡಕ್ಕೆ ಕೂರಿಸಿದ. ಒಂದು ಹನಿ ಸೋರದಂತೆ ಬಿಗಿದು, ಗಾಡಿ ಓಡಿಸಿ ನೋಡಿದ. ಈಗ ಬಲಗೈ ಎಳೆದರೆ ತೋಳು ಮೇಲೇಳುತ್ತಿತ್ತು, ಅವಳ ಹಳೆಯ ಗಾಡಿಯ ಹಾಗೆಯೇ.

ಗಾಡಿಯಲ್ಲಿ ಏನು ಬದಲಾಯಿಸಿದರೂ ಕೀಲಿ ತೂಗುಹಾಕುವ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಆ ನಿಯಮ ಮಾಡಿದವನೇ ಅವನು. ಒಂದು ಬಲ್ಬು ಬದಲಾಯಿಸಿದರೂ ಬರೆಯುತ್ತಿದ್ದ. ಅಂದು ಸೀಮೆಸುಣ್ಣ ಎತ್ತಿಕೊಂಡವನು ಹಾಗೆಯೇ ಕೆಳಗಿಟ್ಟ. ಬರೆದರೆ ಎಲ್ಲರೂ ಓದುತ್ತಾರೆ. ಯಾರಿಗಾಗಿ ಎಂದು ಮಾಮ ಕೇಳುತ್ತಾನೆ. ಅದಕ್ಕಿಂತ, ಗಾಡಿ ತಾನಾಗಿಯೇ ಅವಳಿಗೊಲಿದ ಹಾಗಿರಲಿ. ಲಿವರ್ ಎಳೆದ ಕೂಡಲೇ ಅವಳ ಮುಖ ಅರಳುವುದನ್ನು ದೂರದಿಂದ ನೋಡಿದರಾಯಿತು. ಅಷ್ಟು ಸಾಕೆಂದು ಕೈ ತೊಳೆದುಕೊಂಡ.

ಸೋಮವಾರ ಬೆಳಿಗ್ಗೆ ಲೋಡರನ್ನು ಟ್ರೈಲರಿನ ಮೇಲೇರಿಸಿ ಮಾಮ ಟ್ರಾಕ್ಟರಿನಲ್ಲಿ ಕಾಲುವೆ ತೋಡುವ ಜಾಗಕ್ಕೆ ಎಳೆದು ತಂದ. ಎಂಜಿನಿಯರು ಕಂಕುಳಲ್ಲಿ ಫೈಲು ಹಿಡಿದು ನಿಂತಿದ್ದರು. ಅತ್ತೆ ಅವರ ಪಕ್ಕ. ಕ್ಯಾಬಿನ್ನಿನಲ್ಲಿ ಕೂತವಳ ಮುಖ ನೇರವಾಗಿ ಕಾಣುವ ಜಾಗ ಹುಡುಕಿ ಮೆಕ್ಯಾನಿಕ್ ಬೈಕ್ ನಿಲ್ಲಿಸಿದ.

ಅವಳು ಗಾಡಿಯ ಕಾಲುಗಳನ್ನೂರಿದಳು. ಮೊದಲು ತೋಳನ್ನು ಮೇಲೆತ್ತಿಕೊಳ್ಳಬೇಕು. ಈ ಸಲ ಅವಳ ಕೈ ಗಾಳಿಯಲ್ಲಿ ನಿಲ್ಲಲೇ ಇಲ್ಲ. ಎಳ್ಳಷ್ಟೂ ಅಳುಕದೆ ಎಡಗೈ ಲಿವರ್ ಎಳೆದಳು.

ತೋಳು ಮೇಲೇಳಲಿಲ್ಲ. ಮಡಚಿಕೊಂಡು ಅವಳತ್ತಲೇ ಬಂತು. ಗಾಬರಿಯಾಗಿ ಅದನ್ನು ಹೊರಕ್ಕೆ ತಳ್ಳಲು ಬಲಗೈ ಲಿವರ್ ದೂಡಿದಳು. ತೋಳಿನ ತುದಿಯ ಬಕೆಟ್ಟು ಪಕ್ಕದ ಕೆಸರುಹೊಂಡಕ್ಕೆ ದೊಪ್ಪನೆ ಬಿತ್ತು. ಕೆಸರು ಹಾರಿ ಎಂಜಿನಿಯರ ಫೈಲಿಗೆ, ಅತ್ತೆಯ ಕನ್ನಡಕಕ್ಕೆ, ಅವನ ಬೈಕಿಗೆ ಸಮನಾಗಿ ಹಂಚಿಕೆಯಾಯಿತು.

ಎಂಜಿನ್ ಆ ಕ್ಷಣವೇ ನಿಂತಿತು. ಅವಳು ಎರಡೂ ಕೈ ಮೇಲೆತ್ತಿ ಕೂತಿದ್ದಳು.

“ಅರ್ಧ ಗಂಟೆ,” ಎಂದರು ಎಂಜಿನಿಯರು, ಫೈಲು ಒರೆಸುತ್ತ. “ಆಮೇಲೆ ಬೇರೆಯವರಿಗೆ ಫೋನ್ ಮಾಡ್ತೀನಿ.”

“ಮೂರು ವಾರ ಆಯ್ತಲ್ಲೇ ತಾಯಿ,” ಅತ್ತೆಯ ದನಿ ಅಪರೂಪಕ್ಕೆ ತಗ್ಗಿತ್ತು, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. “ಇನ್ನೂ ಎಡ ಯಾವುದು ಬಲ ಯಾವುದು ಗೊತ್ತಾಗ್ಲಿಲ್ವಾ?”

ಇಳಿದು ಬಂದವಳು ತನ್ನ ಅಂಗೈಗಳನ್ನೇ ನೋಡಿಕೊಂಡಳು, ಅವು ಬೇರೆ ಯಾರವೋ ಎಂಬಂತೆ. ಅವನಿಗೆ ತಡೆಯಲಾಗಲಿಲ್ಲ.

“ಅತ್ತೆ, ತಪ್ಪು ಅವರದಲ್ಲ. ನಿನ್ನೆ ಪೈಪು ನಾನು ಬದಲಾಯಿಸಿದೆ. ಎಡದ್ದು ಬಲಕ್ಕೆ. ಹಲಗೆ ಮೇಲೆ ಬರೀಲಿಲ್ಲ.”

ಅವಳು ಮೆಲ್ಲಗೆ ತಿರುಗಿದಳು. “ಯಾಕೆ?”

“ನಿಮಗೆ ಬಲಗೈ ಅಭ್ಯಾಸ ಅಂತ… ಬೆಳಿಗ್ಗೆ ಬೆಳಿಗ್ಗೆ ಒಬ್ರೇ ಕೂತು ಒದ್ದಾಡ್ತಿದ್ರಲ್ಲ. ನೋಡಕ್ಕಾಗ್ಲಿಲ್ಲ.”

“ಒದ್ದಾಡ್ತಿದ್ನಾ? ಕಲೀತಿದ್ದೆ ಕಣ್ರೀ!” ಅವಳ ದನಿ ಅತ್ತೆಯ ದನಿಯನ್ನೂ ಮೀರಿತು. “ಮನೇಲಿ ಸ್ಟೂಲ್ ಮೇಲೆ ಕೂತ್ಕೊಂಡು, ಎರಡು ಕೈಲಿ ಎರಡು ಸೌಟು ಹಿಡ್ಕೊಂಡು, ಎಡಕ್ಕೆ ಎತ್ತು ಬಲಕ್ಕೆ ಚಾಚು ಅಂತ ಮೂರು ವಾರ! ಇವಳಿಗೇನೋ ಹಿಡ್ಕೊಂಡಿದೆ ಅಂತ ನಮ್ಮಜ್ಜಿ ಬೀದಿಗೆಲ್ಲಾ ಹೇಳ್ಕೊಂಡು ಬಂದಿದಾರೆ. ಶನಿವಾರದ ಹೊತ್ತಿಗೆ ಕೈಗೆ ಕೂತಿತ್ತು. ಆರು ವರ್ಷದ ಅಭ್ಯಾಸ ಬಿಟ್ಟುಹೋಗಿತ್ತು!”

ಮೊದಲು ನಕ್ಕಿದ್ದು ಮಾಮ. ಆಮೇಲೆ ಎಂಜಿನಿಯರು ಕೆಮ್ಮಿದಂತೆ ಮಾಡಿ ಮುಖ ಅತ್ತ ತಿರುಗಿಸಿಕೊಂಡರು. ಅವಳ ತುಟಿ ಬಿಗಿದೇ ಇತ್ತು. ಬಿಗಿದು, ನಡುಗಿ, ಕೊನೆಗೆ ಸೋತುಹೋಯಿತು. ಕೆಸರು ಹಾರಿದ ಕೆನ್ನೆಯಲ್ಲಿ ಗುಳಿ ಬಿತ್ತು.

“ಇಪ್ಪತ್ತೈದು ನಿಮಿಷ ಕೊಡಿ, ಮೊದಲಿನ ಹಾಗೇ ಹಾಕ್ಬಿಡ್ತೀನಿ,” ಎಂದು ಅವನು ಸ್ಪ್ಯಾನರ್ ಪೆಟ್ಟಿಗೆಯತ್ತ ಓಡಿದ.

“ಮುಟ್ಟಿದ್ರೆ ನೋಡಿ ಮತ್ತೆ!” ಅವಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. “ನನ್ನ ಕೈಗೆ ಈಗ ಎರಡೂ ಗೊತ್ತು. ಯಾವುದು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು.”

ಹತ್ತು ನಿಮಿಷ ಬರಿಯ ಬಕೆಟ್ಟನ್ನು ಗಾಳಿಯಲ್ಲಿ ಆಡಿಸಿದಳು. ಆಮೇಲೆ ಶುರುವಾಯಿತು. ಅಗೆ, ಎತ್ತು, ತಿರುಗು, ಸುರಿ. ಅಗೆ, ಎತ್ತು, ತಿರುಗು, ಸುರಿ. ಯಾರೋ ನಾಲ್ಕು ಸಾಲಿನ ಪದ್ಯವನ್ನು ತಾಳ ತಪ್ಪದೆ ಮತ್ತೆ ಮತ್ತೆ ಓದುತ್ತಿರುವಂತೆ ಕಾಲುವೆ ಮುಂದೆ ಮುಂದೆ ಹರಿಯಿತು. ಅವನು ಕಣ್ಣು ಮುಚ್ಚಿ ಕೇಳಿದ, ಕಣ್ಣು ತೆರೆದು ನೋಡಿದ, ಯಾವುದು ಹೆಚ್ಚು ಚೆಂದವೆಂದು ತೀರ್ಮಾನವಾಗಲಿಲ್ಲ.

ಮಧ್ಯಾಹ್ನ ಎಂಜಿನಿಯರು ಕಾಲುವೆಗಿಳಿದು ಟೇಪು ಹಿಡಿದು ಆಳ ನೋಡಿದರು. ಮೂರು ಕಡೆ ನೋಡಿದರು. “ನಾಳೆಯಿಂದ ಏಳಕ್ಕೇ ಬಂದ್ಬಿಡಿ,” ಎಂದರು.

ಅತ್ತೆ ಕನ್ನಡಕ ಒರೆಸಿಕೊಂಡು ಸೋದರಳಿಯನತ್ತ ನೋಡಿದಳು. “ಆ ಹುಡುಗಿ ಇರ್ತಾಳೆ. ನೀನು ಇರ್ಬೇಕಾ ಬೇಡ್ವಾ ಅಂತ ಸಂಜೆ ಹೇಳ್ತೀನಿ.”

ಊಟದ ಬಿಡುವಿನಲ್ಲಿ ಅವನು ಬೈಕಿನ ಕೆಸರು ತೊಳೆಯುತ್ತಿದ್ದ. ಅವಳು ಬಂದು ನೀರಿನ ಕ್ಯಾನು ಎತ್ತಿ ಸುರಿದಳು. ಅವನು ಉಜ್ಜಿದ.

“ಹೇಳದೆ ಮಾಡಿದ್ದು ಇನ್ನೇನಾದ್ರೂ ಇದೆಯಾ?”

“ಇದೆ… ನಿಮ್ಮ ಸೀಟಿನ ಸ್ಪ್ರಿಂಗ್ ಬದಲಾಯಿಸಿದೆ.”

“ಗೊತ್ತು.”

“ಕನ್ನಡಿ ನಿಮ್ಮ ಎತ್ತರಕ್ಕೆ ಇಳಿಸಿದೆ.”

“ಅದೂ ಗೊತ್ತು. ಗಾಡಿ ವಿಷಯ ಬಿಡಿ. ಮಾಡಿದ್ದಲ್ಲ ನಾನು ಕೇಳ್ತಿರೋದು. ಹೇಳದೆ ಒಳಗೇ ಇಟ್ಕೊಂಡಿರೋದು.”

ಕ್ಯಾನಿನ ನೀರು ನಿಂತಿತು. ಎಲ್ಲ ಎಂಜಿನ್ನುಗಳೂ ತಣ್ಣಗಿದ್ದವು. ಆ ಬಯಲಿನಲ್ಲಿ ಅವನ ಮಾತನ್ನು ಮುಚ್ಚಿಡುವ ಸದ್ದು ಒಂದೂ ಇರಲಿಲ್ಲ.

“ನೀವು ವಾಪಸ್ ಹೋಗ್ಬಾರ್ದು,” ಎಂದ. “ಯಾರ್ಡಿಗೋಸ್ಕರ ಅಲ್ಲ. ನೀವು ಬಂದ ಮೇಲೆ ನಾನು ಬೆಳಗಾಗೋದನ್ನೇ ಕಾಯ್ತೀನಿ. ನಂಗೆ ನೀವಂದ್ರೆ… ತುಂಬಾ ಇಷ್ಟ. ಇಷ್ಟೇ. ಇನ್ನೇನೂ ಇಟ್ಕೊಂಡಿಲ್ಲ.”

ಅವಳು ತಲೆ ತಗ್ಗಿಸಿ, ಕ್ಯಾನಿನ ಮುಚ್ಚಳವನ್ನು ಬೇಕಾದ್ದಕ್ಕಿಂತ ಹೆಚ್ಚು ಸುತ್ತು ತಿರುಗಿಸಿದಳು.

“ಹಳೇ ಯಜಮಾನ್ರ ಗಾಡೀಲಿ ಲಿವರ್ ನನಗೆ ಬೇಕಾದ ಕಡೇನೇ ಇದೆ. ಮನೆಗೂ ಹತ್ತಿರ. ಅಲ್ಲಿಗೆ ಹೋಗೋದು ಬಿಟ್ಟು ನಾನ್ಯಾಕೆ ಸೌಟು ಹಿಡ್ಕೊಂಡು ಕೂತೆ ಅಂದ್ಕೊಂಡ್ರಿ? ನಿಮ್ಮತ್ತೆ ಲೋಡರ್ ಮೇಲಿನ ಪ್ರೀತಿಗಾ?”

ಅವನಿಗೆ ಅರ್ಥವಾಗಲು ಕೊಂಚ ಹೊತ್ತೇ ಹಿಡಿಯಿತು. ಅರ್ಥವಾದ ಮೇಲೆ ಕೈಯಲ್ಲಿದ್ದ ಕೆಸರುಬಟ್ಟೆಯಿಂದಲೇ ಮುಖ ಒರೆಸಿಕೊಂಡ. ಅವಳು ಹೊಟ್ಟೆ ಹಿಡಿದು ನಕ್ಕಳು.

“ಏನ್ರೋ ಅದು ನಿಮ್ಮಿಬ್ಬರದು?” ದೂರದಿಂದ ಅತ್ತೆ ಗದರಿದಳು. “ಹೊತ್ತು ಇಳೀತಾ ಬಂತು!”

“ಬಂದೇ!” ಅವಳು ಓಡಿದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

“ಈ ಭಾನುವಾರ ಯಾರ್ಡಿಗೆ ಹೋಗ್ಬೇಡಿ. ನಮ್ಮನೆಗೆ ಬನ್ನಿ. ಅಜ್ಜಿ ಮುಂದೆ ಕೂತು ಹೇಳಿ.”

“ಏನಂತ ಹೇಳ್ಲಿ?”

“ಈಗ ಹೇಳಿದ್ರಲ್ಲ, ಅದನ್ನೇ.” ಅವಳ ಕೆನ್ನೆ ಕೆಂಪಾಗಿತ್ತು, ದನಿ ಮಾತ್ರ ಅದೇ ಬಿಗುವಿನದು. “ನಂಗೂ ಇನ್ನೊಂದ್ಸಲ ಕೇಳ್ಬೇಕು.”