ಗಂಗುಲಪ್ಪ ತಾತನ ಒಂದು ಲೀಟರ್

"ಇವತ್ತಿನ ಕೋಟಾ ಮುಗೀತು ತಾತ. ಇನ್ನು ನೀರು ನಾಳೆ ಬೆಳಗ್ಗೆನೇ."

ಶ್ರೀಪ್ರಿಯಾ ಬಿಂದಿಗೆಗೆ ತಟ್ಟೆ ಮುಚ್ಚಿ ಅದರ ಪಕ್ಕದಲ್ಲೇ ಕಾವಲು ಕೂತಳು. ಓದುವುದು ಐದನೇ ಕ್ಲಾಸು, ಗತ್ತು ಮಾತ್ರ ಹೆಡ್ ಮಿಸ್ಸಿನದು. ಗಂಗುಲಪ್ಪ ತಾತ ಒಣಗಿದ ತುಟಿ ಸವರಿಕೊಂಡು, ಒಂದೇ ಗುಟುಕು ಕೊಡು ಬಂಗಾರು ಎಂದು ಗೋಗರೆದರು. ಅವಳು ಜಪ್ಪಯ್ಯ ಎನ್ನಲಿಲ್ಲ.

ತಾತನ ಹಾರ್ಟ್ ವೀಕ್ ಆಗಿತ್ತು. ಮೈಯಲ್ಲಿ ನೀರು ನಿಂತು, ಕಾಲು ಊದಿ, ಕೋಲಾರದ ಆಸ್ಪತ್ರೆಯಲ್ಲಿ ಎಂಟು ದಿನ ಮಲಗಿ ಬಂದಿದ್ದರು. ದಿನಕ್ಕೆ ಒಂದೇ ಲೀಟರ್ ಕುಡಿಯಬೇಕು, ಮತ್ತೆ ಊದಿದರೆ ಮತ್ತೆ ಅಡ್ಮಿಟ್ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ತಾತನಿಲ್ಲದ ಆ ಎಂಟು ದಿನ ಮನೆಯೆಲ್ಲ ಬಿಕೋ ಎನ್ನುತ್ತಿತ್ತು. ಅದಕ್ಕೇ ಕುಡಿದದ್ದನ್ನೆಲ್ಲ ಚಾರ್ಟಿನಲ್ಲಿ ಬರೆಯುವ ಕೆಲಸವನ್ನು ಶ್ರೀಪ್ರಿಯಾ ತಾನೇ ಕೇಳಿ ಪಡೆದಿದ್ದಳು. ಕಾಫಿ, ಮಜ್ಜಿಗೆ, ಮಾತ್ರೆಗೆ ಕೊಟ್ಟ ನೀರು, ಒಂದನ್ನೂ ಬಿಡುತ್ತಿರಲಿಲ್ಲ.

ನೀರಿನ ವಿಷಯದಲ್ಲಿ ಅವಳು ಕಡು ಜಿಪುಣಿ. ಊಟದ ಹೊತ್ತಿಗೆ ಮಾತ್ರ ಕರುಳು ಚುರುಕ್ ಎನ್ನುತ್ತಿತ್ತು. ಅಷ್ಟು ಬಾಯಾರಿದ ತಾತ, ಪಾಪ, ಮುದ್ದೆ ನುಂಗುವುದಾದರೂ ಹೇಗೆ? ಒಂದು ಸೌಟು ಬಸ್ಸಾರು ಹಾಕುವಳು, ತಾತ ಮುಖ ನೋಡಿದರೆ ಇನ್ನೆರಡು. ಕೊನೆಗೆ ತಾತ ತಟ್ಟೆಯನ್ನೇ ಎತ್ತಿ ಸೊರಸೊರ ಕುಡಿದು ಕೆಳಗಿಡುವರು. ಊಟವನ್ನು ಯಾರಾದರೂ ಚಾರ್ಟಿನಲ್ಲಿ ಬರೆಯುತ್ತಾರೆಯೇ!

ನಾಲ್ಕನೇ ದಿನ ನರ್ಸ್ ಸುನಂದ ಸಿಸ್ಟರ್ ತೂಕದ ಮೆಷಿನ್ ಹಿಡಿದು ಬಂದರು. ತಾತನ ತೂಕ ಎರಡು ಕೆಜಿ ಏರಿತ್ತು. ಕಾಲಿನ ಮೇಲೆ ಹೆಬ್ಬೆರಳು ಒತ್ತಿದರೆ ಬಿದ್ದ ಗುಳಿ ಹಾಗೇ ಉಳಿಯಿತು. ಸಿಸ್ಟರ್ ಚಾರ್ಟನ್ನು ಮೇಲಿಂದ ಕೆಳಗೆ ಓದಿ, ಊಟಕ್ಕೆ ಏನು ಕೊಡುತ್ತೀರಿ ಎಂದು ಕೇಳಿದರು.

"ಬರೀ ಮುದ್ದೆ," ಎಂದರು ತಾತ, ತುಸು ಅವಸರದಲ್ಲಿ.

ಬರೀ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಸಿಸ್ಟರಿಗೆ ಗೊತ್ತಿಲ್ಲವೇ? ಸೌಟು ತರಿಸಿ, ನೀರು ತುಂಬಿಸಿ, ಅಳತೆಯ ಲೋಟಕ್ಕೆ ಸುರಿದರು. ಒಂದು ಸೌಟಿಗೆ ನೂರು ಎಂಎಲ್. ಹೊತ್ತಿಗೆ ಮೂರು ಸೌಟು, ದಿನಕ್ಕೆ ಎರಡು ಹೊತ್ತು. ಶ್ರೀಪ್ರಿಯಾ ಮನಸ್ಸಿನಲ್ಲೇ ಗುಣಿಸಿದಳು, ಆರುನೂರು. ಅವಳ ಮುಖ ಸಣ್ಣಗಾಯಿತು.

"ಸಾರೂ ನೀರೇ ಕಣಮ್ಮ. ಅದ್ರಲ್ಲಿರೋ ಉಪ್ಪಿಗೇ ನಿಮ್ಮ ತಾತಂಗೆ ಇಷ್ಟು ಬಾಯಾರಿಕೆ."

"ಮಗೂನ ಏನೂ ಅನ್ಬೇಡಿ ಸಿಸ್ಟರ್," ಎಂದರು ತಾತ. "ನಾನೇ ಕದ್ದು ಹಾಕ್ಕೋತಿದ್ದೆ. ಅವಳಿಗೆ ಗೊತ್ತಿಲ್ಲ."

ಹಸಿ ಸುಳ್ಳು. ಶ್ರೀಪ್ರಿಯಾಗೆ ಅಳು ಉಕ್ಕಿ ಬಂತು.

"ಇಲ್ಲ ಸಿಸ್ಟರ್, ನಾನೇ ಬಡಿಸ್ತಿದ್ದೆ. ಪಾಪ ಅನ್ನಿಸ್ತಿತ್ತು."

ಸಿಸ್ಟರ್ ಬೈಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದರು. ಮಾತ್ರೆ ಬದಲಾಯಿತು, ಎರಡು ದಿನದಲ್ಲಿ ತೂಕ ಇಳಿಯದಿದ್ದರೆ ಕೋಲಾರಕ್ಕೆ ಹೊರಡಬೇಕೆಂದಾಯಿತು.

ಸಂಜೆ ಶ್ರೀಪ್ರಿಯಾ ತಾತನ ತಟ್ಟೆಗೆ ಒಂದೇ ಸೌಟು ಸಾರು ಹಾಕಿದಳು. ತಾತ ಮುದ್ದೆಯನ್ನು ಚೂರು ಚೂರೇ ಮುರಿದು, ಸಾರಿಗೆ ಬರೀ ತಾಕಿಸಿ ತಾಕಿಸಿ ನುಂಗಿದರು. ಪ್ರತಿ ತುತ್ತಿಗೂ ಗಂಟಲು ಏರಿ ಇಳಿಯುವುದನ್ನು ನೋಡಲಾಗದೆ ಅವಳ ಕೈ ಸೌಟಿನತ್ತ ಹೋಯಿತು.

ಸಾರಿನ ಪಾತ್ರೆಯನ್ನು ಅವಳೇ ಎತ್ತಿ ಒಳಗಿಟ್ಟು ಬಂದಳು.